ಹೂಡೆಯ ಸೆಕೆಗೆ ಎಷ್ಟು ವಾಟ್ ಬೇಕು?

ಏಪ್ರಿಲ್ ತಿಂಗಳಲ್ಲಿ ಉಡುಪಿ ಬಳಿಯ ಹೂಡೆಯ ಕಡಲ ಬದಿಗೆ ವ್ಯಾನು ನಿಲ್ಲಿಸಿ ಅದರೊಳಗೆ ಮಲಗುವವರಿಗೆ ಮೊದಲು ಬೇಕಾಗುವುದು ದೀಪವಲ್ಲ, ಫ್ಯಾನು. ಹಗಲಿಡೀ ಬೀಸಿದ ಕಡಲಗಾಳಿ ಹೊತ್ತು ಮುಳುಗಿದ ಮೇಲೆ ಸೋಲುತ್ತದೆ. ನೆಲದ ಕಡೆಯ ಗಾಳಿ ಏಳುವವರೆಗೆ ಗಾಳಿಮರದ ಎಲೆಯೂ ಅಲುಗುವುದಿಲ್ಲ. ಹಗಲು ಕಾದ ತಗಡಿನ ಗಾಡಿಯೊಳಗೆ ಆ ಹೊತ್ತಿನ ಸೆಕೆ ಹೇಗಿರುತ್ತದೆಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ಓಮ್ನಿಯನ್ನೋ ಟ್ರಾವೆಲರನ್ನೋ ಮನೆಯಂತೆ ಮಾಡಿಕೊಂಡು ಸುತ್ತಬೇಕೆಂಬ ಆಸೆ ಈಚೆಗೆ ನಮ್ಮಲ್ಲೂ ಬೆಳೆದಿದೆ. ಸ್ವರ್ಣಾ ನದಿ ಕಡಲು ಸೇರುವ ಕೋಡಿ ಬೆಂಗ್ರೆಯ ಅಳಿವೆ, ಕಾಪುವಿನ ದೀಪಸ್ತಂಭ, ಕಾರ್ಕಳದ ಬಂಡೆಗುಡ್ಡಗಳು ಎಲ್ಲವೂ ಒಂದೆರಡು ಗಂಟೆಯ ಹಾದಿಯಲ್ಲೇ ಇರುವಾಗ ಆ ಆಸೆ ಸಹಜ. ಆದರೆ ಕರೆಂಟಿನ ವಿಷಯ ಬಂದಾಗ ಹೆಚ್ಚಿನವರು ಮೊದಲು ಕೊಳ್ಳುವುದು ಸೋಲಾರ್ ಪ್ಯಾನೆಲ್, ಆಮೇಲೆ ದೊಡ್ಡ ಇನ್ವರ್ಟರ್, ಉಳಿದ ದುಡ್ಡಿಗೆ ಬ್ಯಾಟರಿ. ವಯರು, ಫ್ಯೂಸುಗಳು ಅಂಗಡಿಯವ ಕೊಟ್ಟದ್ದು. ದುಡ್ಡು ಕಡಿಮೆ ಇರುವವರು ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಕಾಗದ, ಪೆನ್ನು. ಎಷ್ಟು ವಾಟಿನ ಉಪಕರಣ, ಎಷ್ಟು ಗಂಟೆ ಓಡುತ್ತದೆ ಎಂದು ಗುಣಿಸಿದರೆ ವಾಟ್-ಗಂಟೆ ಸಿಗುತ್ತದೆ. ಸಾವಿರ ವಾಟ್-ಗಂಟೆ ಸೇರಿದರೆ ಮೆಸ್ಕಾಂ ಬಿಲ್ಲಿನ ಒಂದು ಯೂನಿಟ್. ಇಬ್ಬರು ಮಲಗುವ ವ್ಯಾನಿನ ಒಂದು ದಿನದ ಲೆಕ್ಕ ಹೀಗಾಗುತ್ತದೆ: 12 ವೋಲ್ಟಿನಲ್ಲೇ ಓಡುವ 12 ವಾಟಿನ ಎರಡು ಫ್ಯಾನು ಹತ್ತು ಗಂಟೆಗೆ 240. 4 ವಾಟಿನ ಮೂರು ಎಲ್‌ಇಡಿ ದೀಪ ನಾಲ್ಕು ಗಂಟೆಗೆ 48. ಎರಡು ಮೊಬೈಲಿಗೆ 30, ಲ್ಯಾಪ್‌ಟಾಪಿಗೆ 60, ನೀರಿನ ಸಣ್ಣ ಪಂಪಿಗೆ ಏಳೆಂಟು. ಒಟ್ಟು 400ಕ್ಕೂ ಕಡಿಮೆ. ಅರ್ಧ ಯೂನಿಟ್ ಕೂಡ ಬೇಡ! ಕಾಪು ತಾಲೂಕಿನ ಎಲ್ಲೂರಿನಲ್ಲಿ 1200 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವಿದೆಯಲ್ಲ, ಅದು ಪೂರ್ಣ ಸಾಮರ್ಥ್ಯದಲ್ಲಿ ಓಡುವಾಗ ಒಂದು ಯೂನಿಟ್ ಉತ್ಪಾದಿಸಲು ಮೂರು ಮಿಲಿಸೆಕೆಂಡ್ ಸಾಕು. ಅದರ ಅರ್ಧದಷ್ಟರಲ್ಲಿ ಇಬ್ಬರ ಒಂದು ದಿನ ಸುಖವಾಗಿ ಕಳೆಯುತ್ತದೆ.

ಬೇಕಾದ್ದನ್ನು ಮೊದಲು ಲೆಕ್ಕ ಹಾಕಿ ಆಮೇಲೆ ಸಾಮಾನು ಕೊಳ್ಳುವ ಈ ದಾರಿ ನಮ್ಮ ನಾಡಿಗೆ ಹೊಸತಲ್ಲ. ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆ ತಂತಿ ತಲುಪದ ಮನೆಗಳಿಗೆ ಸೋಲಾರ್ ದೀಪ ಕೊಟ್ಟದ್ದು ಹೀಗೆಯೇ. ಈ ಮನೆಗೆ ಎಷ್ಟು ದೀಪ ಬೇಕು, ಯಾವ ಹೊತ್ತಿಗೆ ಬೇಕು ಎಂದು ಕೇಳಿ, ಅದಕ್ಕೆ ತಕ್ಕ ಅಳತೆಯ ವ್ಯವಸ್ಥೆ. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ವ್ಯಾನೂ ತಂತಿ ತಲುಪದ ಒಂದು ಮನೆಯೇ.

ಲೆಕ್ಕ ಕೆಡಿಸುವುದು ಫ್ರಿಜ್ಜು. 12 ವೋಲ್ಟಿನ ಸಣ್ಣ ಕಂಪ್ರೆಸರ್ ಫ್ರಿಜ್ ನಮ್ಮ ಸೆಕೆಗೆ ದಿನಕ್ಕೆ 400ರಿಂದ 500 ವಾಟ್-ಗಂಟೆ ನುಂಗುತ್ತದೆ. ಬೇಡಿಕೆ ಒಮ್ಮೆಗೇ ಇಮ್ಮಡಿ. ಅದರ ಬದಲು ಮಲ್ಪೆಯ ಕಡೆ ನೋಡಿ. ಮೀನಿಗಾಗಿ ಐಸ್ ಮಾಡುವ ಕಾರ್ಖಾನೆಗಳು ಅಲ್ಲಿವೆ. ಒಂದು ಕಿಲೋ ಐಸ್ ಕರಗಿ ನೀರಾಗಲು ಸುಮಾರು 93 ವಾಟ್-ಗಂಟೆಯಷ್ಟು ಶಾಖವನ್ನು ಸುತ್ತಲಿನಿಂದ ಹೀರಿಕೊಳ್ಳಬೇಕು. ಹತ್ತು ಕಿಲೋ ಐಸ್ ಎಂದರೆ ಹತ್ತಿರ ಹತ್ತಿರ ಒಂದು ಯೂನಿಟ್ಟಿನಷ್ಟು ತಂಪು. ದಪ್ಪ ಥರ್ಮಾಕೋಲಿನ ಪೆಟ್ಟಿಗೆಯಲ್ಲಿಟ್ಟರೆ ಎರಡು ದಿನದ ಹಾಲು, ಮೊಸರು, ಮೀನು ಕೆಡುವುದಿಲ್ಲ. ಫ್ರಿಜ್ಜಿನ ಬೆಲೆಯೂ ಉಳಿಯಿತು, ಅದಕ್ಕಾಗಿ ಹಾಕಬೇಕಿದ್ದ ಹೆಚ್ಚುವರಿ ಬ್ಯಾಟರಿಯ ಬೆಲೆಯೂ ಉಳಿಯಿತು.

ಇನ್ನೊಂದು ಮಿಕ್ಸಿ. ತೆಂಗಿನಕಾಯಿ ರುಬ್ಬದೆ ನಮ್ಮ ಅಡುಗೆ ನಡೆಯದು. 750 ವಾಟಿನ ಮಿಕ್ಸಿ ನಾಲ್ಕು ನಿಮಿಷ ಓಡಿದರೆ ಖರ್ಚಾಗುವುದು ಬರೀ 50 ವಾಟ್-ಗಂಟೆ. ಆದರೆ ಆ ನಾಲ್ಕು ನಿಮಿಷ ಇನ್ವರ್ಟರ್ 12 ವೋಲ್ಟಿನ ಬ್ಯಾಟರಿಯಿಂದ ಎಳೆಯುವುದು ಸುಮಾರು 70 ಆಂಪಿಯರ್. ಮೋಟಾರು ಹೊರಡುವ ಕ್ಷಣದಲ್ಲಿ ಅದರ ಎರಡು ಮೂರು ಪಟ್ಟು. ಇಷ್ಟಕ್ಕಾಗಿ ದೊಡ್ಡ ಇನ್ವರ್ಟರ್, ಹೆಬ್ಬೆರಳು ದಪ್ಪದ ಕೇಬಲ್ ಎಲ್ಲ ಬೇಕಾಗುತ್ತದೆ. ಮನೆಯಲ್ಲೇ ರುಬ್ಬಿ ಐಸ್ ಪೆಟ್ಟಿಗೆಯಲ್ಲಿಟ್ಟುಕೊಳ್ಳಿ. ಲ್ಯಾಪ್‌ಟಾಪಿಗೆ ಕಾರಿನ ಚಾರ್ಜರ್ ಸಾಕು. ಆಗ ಇನ್ವರ್ಟರೇ ಬೇಡ. ಸುಮ್ಮನೆ ಆನ್ ಇಟ್ಟರೂ 15 ವಾಟ್ ತಿನ್ನುವ ಇನ್ವರ್ಟರ್ 24 ಗಂಟೆಗೆ 360 ವಾಟ್-ಗಂಟೆ ಮುಗಿಸುತ್ತದೆ, ಅಂದರೆ ಇಡೀ ಗಾಡಿಯ ಒಂದು ದಿನದ ಪಾಲು.

ಈಗ ಬ್ಯಾಟರಿ. ಉಡುಪಿಯ ಮನೆಮನೆಯಲ್ಲೂ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಇದೆ, ಅದನ್ನೇ ಗಾಡಿಗೆ ಎತ್ತಿಡುವ ಮನಸ್ಸಾಗುತ್ತದೆ. ಬೇಡ ಎನ್ನಲು ಕಾರಣ ಬರೀ 50-60 ಕಿಲೋ ತೂಕವಲ್ಲ. ಆಸಿಡ್ ತುಂಬಿದ ಈ ಬ್ಯಾಟರಿಗಳು ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತವೆ. ಗಾಳಿಯಲ್ಲಿ ಅದು ಶೇ. 4 ಸೇರಿದರೆ ಒಂದು ಕಿಡಿ ಸಾಕು. ಕಿಟಕಿ ಮುಚ್ಚಿ ಮಲಗುವ ಜಾಗದಲ್ಲಿ ಅದಕ್ಕೆ ಸ್ಥಳವಿಲ್ಲ. ಜೊತೆಗೆ 150 ಆಂಪಿಯರ್-ಗಂಟೆಯ ಇಂಥ ಬ್ಯಾಟರಿ ಬಾಳಬೇಕಾದರೆ ಅರ್ಧ ಮಾತ್ರ ಖಾಲಿ ಮಾಡಬೇಕು, ಸಿಗುವುದು 900 ವಾಟ್-ಗಂಟೆ. ಅಂಗಡಿಯಲ್ಲಿ ಎಲ್‌ಎಫ್‌ಪಿ ಎನ್ನುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 100 ಆಂಪಿಯರ್-ಗಂಟೆಯದಾದರೂ 1000ಕ್ಕಿಂತ ಹೆಚ್ಚು ಕೊಡುತ್ತದೆ, ತೂಕ 12 ಕಿಲೋದ ಆಸುಪಾಸು. ಬೆಲೆ ಹೆಚ್ಚು, ನಿಜ. ಆದರೆ ಸಾವಿರಾರು ಸಲ ಚಾರ್ಜ್ ಮಾಡಬಹುದಾದ್ದರಿಂದ ವರ್ಷಗಳ ಲೆಕ್ಕದಲ್ಲಿ ಇದೇ ಅಗ್ಗ. ಬಜೆಟ್ಟಿನ ದೊಡ್ಡ ಪಾಲು ಇಲ್ಲಿಗೆ ಹೋಗಲಿ.

ಈ ಬಗೆಯ ಲಿಥಿಯಂ ಬ್ಯಾಟರಿಯ ಹುಟ್ಟು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ. 1997ರಲ್ಲಿ ಪ್ರಕಟವಾದ ಆ ಪ್ರಬಂಧದ ಮೇಲೆ ಮೂವರ ಹೆಸರಿದೆ: ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ಕೊನೆಯವರಿಗೆ ಲಿಥಿಯಂ ಬ್ಯಾಟರಿಗಳ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಬಂದಾಗ ಅವರಿಗೆ 97 ವರ್ಷ. ಈ ವಸ್ತುವಿನಲ್ಲಿ ರಂಜಕ ಮತ್ತು ಆಮ್ಲಜನಕದ ಬೆಸುಗೆ ಬಹಳ ಗಟ್ಟಿ. ಬ್ಯಾಟರಿ ಕಾದರೂ ಆಮ್ಲಜನಕ ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಹಾಗಾಗಿ ಬೇರೆ ಲಿಥಿಯಂ ಬ್ಯಾಟರಿಗಳಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ. ಮಲಗುವ ಮಂಚದ ಕೆಳಗೆ ಇಡುವ ವಸ್ತುವಿಗೆ ಇದಕ್ಕಿಂತ ದೊಡ್ಡ ಗುಣ ಬೇಕೇ?

ಶನಿವಾರ ಹೊರಟು ಸೋಮವಾರ ಬೆಳಿಗ್ಗೆ ಮರಳುವವರಾದರೆ ಎರಡು ರಾತ್ರಿಗೆ 800 ವಾಟ್-ಗಂಟೆ ಸಾಕು. ಹೊರಡುವ ಮುನ್ನ ಮನೆಯ ಪ್ಲಗ್ಗಿನಲ್ಲೇ ಬ್ಯಾಟರಿ ತುಂಬಿಸಿಕೊಳ್ಳಿ, ತಗಲುವುದು ಒಂದು ಚಹಾದ ದುಡ್ಡು. ಪ್ಯಾನೆಲ್ ಸದ್ಯಕ್ಕೆ ಬೇಕಾಗಿಲ್ಲ. ವಾರಗಟ್ಟಲೆ ಸುತ್ತುವವರು ಮಾತ್ರ ಅದರ ಬಗ್ಗೆ ಯೋಚಿಸಿದರೆ ಸಾಕು.

ಅವರಿಗಾಗಿ ಎರಡು ಮಾತು. ಉಡುಪಿ ಇರುವುದು 13 ಡಿಗ್ರಿ ಅಕ್ಷಾಂಶದ ಬಳಿ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ, ಡಿಸೆಂಬರಿನಲ್ಲೂ ನಡುಹಗಲಿಗೆ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಆದ್ದರಿಂದ ಪ್ಯಾನೆಲನ್ನು ಓರೆ ಮಾಡುವ ದುಬಾರಿ ಸ್ಟ್ಯಾಂಡು ಬೇಡ, ಚಪ್ಪಟೆಯಾಗಿ ಹಾಕಿದರೆ ಆಯಿತು. ಆದರೆ ಛಾವಣಿಗೆ ಅಂಟಿಸಬೇಡಿ. ಬಿಸಿಲಿಗೆ 60 ಡಿಗ್ರಿ ದಾಟುವ ಪ್ಯಾನೆಲ್ 25 ಡಿಗ್ರಿಯ ನಂತರದ ಪ್ರತಿ ಡಿಗ್ರಿಗೂ ಶೇ. 0.4ರ ಹತ್ತಿರ ಸಾಮರ್ಥ್ಯ ಕಳೆದುಕೊಳ್ಳುತ್ತದೆ. ಅಡಿಯಲ್ಲಿ ಎರಡು ಮೂರು ಇಂಚು ಗಾಳಿಯಾಡಲಿ.

ನಮ್ಮೂರಿನ ನಿಜವಾದ ತೊಡಕು ತೆಂಗಿನ ಮರ. ಪ್ಯಾನೆಲಿನ ಬಿಲ್ಲೆಗಳೆಲ್ಲ (ಸೆಲ್) ಒಂದರ ಹಿಂದೊಂದು ಸರಪಳಿಯಂತೆ ಜೋಡಿಸಿರುತ್ತವೆ. ಒಂದು ಮಡಲಿನ ನೆರಳು ಕೆಲವೇ ಬಿಲ್ಲೆಗಳ ಮೇಲೆ ಬಿದ್ದರೂ ಆ ಸಾಲಿನ ಕರೆಂಟೇ ಕುಗ್ಗಿ, ಅರ್ಧಕ್ಕರ್ಧ ಉತ್ಪಾದನೆ ನಿಲ್ಲಬಹುದು. ನೆರಳಿನಲ್ಲಿ ಗಾಡಿ ನಿಲ್ಲಿಸಿದರೆ ಪ್ಯಾನೆಲ್ ಸೋಲುತ್ತದೆ, ಬಿಸಿಲಲ್ಲಿ ನಿಲ್ಲಿಸಿದರೆ ಒಳಗಿರುವವರು ಸೋಲುತ್ತಾರೆ. ಮೇಲಿನಿಂದ ಕಾಯಿ ಬಿದ್ದರೆ ಗಾಜಿನ ಗತಿ ಬೇರೆ. ಛಾವಣಿಗೆ ಏನನ್ನೂ ಕೊರೆಯದೆ, 150-200 ವಾಟಿನ ಒಂದು ಸಾದಾ ಗಾಜಿನ ಪ್ಯಾನೆಲನ್ನು ಉದ್ದದ ವಯರಿನ ಜೊತೆ ಒಯ್ದು ಮರಳ ಮೇಲೆ ಬಿಸಿಲಿಗೆ ಹರಡುವುದು ಹೂಡೆಯಂಥ ಕಡೆ ಸರಿಯಾದ ದಾರಿ. ಪ್ಯಾನೆಲಿಗೂ ಬ್ಯಾಟರಿಗೂ ನಡುವೆ ಚಾರ್ಜನ್ನು ಹದಕ್ಕಿಡುವ ಕಂಟ್ರೋಲರ್ ಬೇಕು. 100 ವಾಟಿನ ಸಣ್ಣ ಪ್ಯಾನೆಲಿಗೆ ಪಿಡಬ್ಲ್ಯುಎಂ ಬಗೆಯದು ಸಾಕು. ಅದಕ್ಕಿಂತ ದೊಡ್ಡದಕ್ಕೆ ಎಂಪಿಪಿಟಿ ಬಗೆಯದು ಒಳ್ಳೆಯದು, ಮನೆಯ ಮಾಡಿಗೆ ಹಾಕುವಂಥದಕ್ಕಂತೂ ಅದೇ ಬೇಕು.

ಜೂನ್ ಬಂದ ಮೇಲೆ ಪ್ಯಾನೆಲಿನ ಮೇಲೆ ಭರವಸೆ ಬೇಡ. ಆಗ ಗಾಡಿಯ ಡೈನಮೊ ಕೈಹಿಡಿಯುತ್ತದೆ. ಲಿಥಿಯಂ ಬ್ಯಾಟರಿಯನ್ನು ನೇರವಾಗಿ ಕೂಡಿಸಿದರೆ ಅದು ಸಿಕ್ಕಷ್ಟೂ ಎಳೆದು ಡೈನಮೊವನ್ನು ಸುಡಬಹುದು. ನಡುವೆ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇದ್ದರೆ ಒಂದು ಗಂಟೆಯ ಓಟಕ್ಕೆ 270 ವಾಟ್-ಗಂಟೆ ಬ್ಯಾಟರಿಗೆ ಸೇರುತ್ತದೆ. ಹೂಡೆಯಿಂದ ಕಾರ್ಕಳ ಮುಟ್ಟುವಷ್ಟರಲ್ಲಿ ರಾತ್ರಿಯ ಫ್ಯಾನಿನ ಖರ್ಚು ಬಂದಿರುತ್ತದೆ.

ಇಷ್ಟೆಲ್ಲದರಲ್ಲಿ ಉಳಿಸಿದ ದುಡ್ಡನ್ನು ಹಾಕಬೇಕಾದದ್ದು ವಯರಿಗೆ. ಗಾಡಿಯ ಹಿಂಬದಿಗೆ 120 ವಾಟ್ ಬೇಕೆನ್ನಿ. ಮನೆಯ 230 ವೋಲ್ಟಿನಲ್ಲಿ ಅದು ಅರ್ಧ ಆಂಪಿಯರ್, 12 ವೋಲ್ಟಿನಲ್ಲಿ 10 ಆಂಪಿಯರ್. ಬ್ಯಾಟರಿಯಿಂದ ಐದು ಮೀಟರ್ ದೂರವಿದ್ದರೆ ಹೋಗಿ ಬರಲು ಹತ್ತು ಮೀಟರ್ ವಯರು. ಮನೆಯಲ್ಲಿ ಬಳಸುವ ಎರಡೂವರೆ ಸ್ಕ್ವೇರ್ ಎಂಎಂ ವಯರು ಹಾಕಿದರೆ ದಾರಿಯಲ್ಲೇ 0.7 ವೋಲ್ಟ್ ಕಳೆದು, 7 ವಾಟ್ ವಯರನ್ನು ಕಾಯಿಸಲು ಹೋಗುತ್ತದೆ. ಆರು ಸ್ಕ್ವೇರ್ ಹಾಕಿದರೆ ನಷ್ಟ 0.3 ವೋಲ್ಟಿಗೆ ಇಳಿಯುತ್ತದೆ. ಮನೆಯ ವಯರಿಂಗ್ ಮಾತ್ರ ಗೊತ್ತಿರುವವರು ಎಡವುವುದು ಇಲ್ಲೇ.

ಅದರ ಮೇಲೆ ನಮ್ಮ ಉಪ್ಪುಗಾಳಿ. ತಾಮ್ರದ ಎಳೆಗಳ ನಡುವೆ ತೇವ, ಉಪ್ಪು ಹೊಕ್ಕು ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ಕಡೆ ಕರೆಂಟಿಗೆ ತಡೆ ಹೆಚ್ಚಿ, ಕೀಲು ಕಾದು, ಕೊನೆಗೆ ಪ್ಲಾಸ್ಟಿಕ್ ಕರಗುತ್ತದೆ. ತಾಮ್ರದ ಪಾತ್ರೆಗೆ ನಮ್ಮ ಹಿರಿಯರು ಕಲಾಯಿ ಹಾಕಿಸುತ್ತಿದ್ದರಲ್ಲ, ಅದೇ ತವರದ ಲೇಪ ಎಳೆ ಎಳೆಗೂ ಇರುವ ವಯರು ದೋಣಿಗಳಿಗೆಂದೇ ಸಿಗುತ್ತದೆ. ಬೆಲೆ ಹೆಚ್ಚಾದರೂ ಅದನ್ನೇ ತನ್ನಿ. ತುದಿಗೆ ಲಗ್ಸ್ ಎಂಬ ಲೋಹದ ಟೋಪಿ ಇಟ್ಟು ಒತ್ತಿ ಕೂಡಿಸಿ. ಬರೀ ಬೆಸುಗೆ ಹಾಕಿದರೆ ಗಾಡಿಯ ಕುಲುಕಾಟಕ್ಕೆ ಎಳೆ ಮುರಿಯುತ್ತದೆ. ಈ ಕೆಲಸಕ್ಕೆ ಪೇಟೆಯ ಅಲಂಕಾರದ ಅಂಗಡಿಗಿಂತ, ಬೋಟಿನ ಬ್ಯಾಟರಿ ವಯರಿಂಗ್ ಮಾಡುವ ಎಲೆಕ್ಟ್ರೀಷಿಯನ್ನರನ್ನು ಮಲ್ಪೆ ಬಂದರಿನಲ್ಲಿ ಹುಡುಕಿ. ಉಪ್ಪು ಏನು ಮಾಡುತ್ತದೆಂದು ಅವರಷ್ಟು ಬಲ್ಲವರಿಲ್ಲ.

ಫ್ಯೂಸು ಕಾಯುವುದು ಫ್ಯಾನನ್ನಲ್ಲ, ವಯರನ್ನು. ಹಾಗಾಗಿ ಅದು ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೇ ಇರಬೇಕು. ಅದಕ್ಕಿಂತ ಮುಂಚಿನ ವಯರಿಗೆ ರಕ್ಷಣೆಯೇ ಇಲ್ಲ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಹರಿಯುವ ಕರೆಂಟು ಸಾವಿರ ಆಂಪಿಯರ್ ದಾಟಬಲ್ಲದು. ಮನೆಯ ಎಂಸಿಬಿಯನ್ನು ಇಲ್ಲಿ ಹಾಕಬೇಡಿ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚಿನ ಕಿಡಿ ತಾನಾಗಿ ಆರುತ್ತದೆ. ಡಿಸಿ ಎಂದೂ ಸೊನ್ನೆಗೆ ಇಳಿಯುವುದಿಲ್ಲ, ಕಿಡಿ ಉರಿಯುತ್ತಲೇ ಇರುತ್ತದೆ. ಡಿಸಿಗೆಂದೇ ಮಾಡಿದ ಫ್ಯೂಸು, ಬ್ರೇಕರುಗಳನ್ನೇ ಕೇಳಿ ತನ್ನಿ.

ಸೀಟು ಕಿತ್ತು ಮಂಚ ಕೂರಿಸುವ ಮುನ್ನ ಉಡುಪಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಇಂಥ ಮಾರ್ಪಾಡಿಗೆ ನಿರ್ಬಂಧವಿದೆ.

ಪ್ರವಾಸ ಮುಗಿಸಿ ಮನೆಗೆ ಬಂದ ಮರುದಿನ ಬ್ಯಾಟರಿಯ ಸಂಪರ್ಕ ತಪ್ಪಿಸಿ ಫ್ಯೂಸಿನ ಡಬ್ಬಿ ತೆರೆದು ನೋಡಿ. ಎಲ್ಲಿಯಾದರೂ ಹಸಿರು ಕಂಡರೆ ಉಜ್ಜಿ ಬಿಡಬೇಡಿ, ಅಷ್ಟು ತುದಿ ಕತ್ತರಿಸಿ ಹೊಸ ಲಗ್ಸ್ ಹಾಕಿ.