ಬೆವರಿನ ಹಣ ದಾರಿಯಲ್ಲೇ ಕರಗದಿರಲಿ

ತಿಂಗಳ ಮೊದಲ ವಾರ. ದಾವಣಗೆರೆ ವಿದ್ಯಾನಗರದ ಒಂದು ಮನೆ. ದುಬೈಯಿಂದ ಮಗನ ಫೋನ್.

“ಅಮ್ಮೀ, ಈ ಸಲ ಬ್ಯಾಂಕಿಗೆ ಹಾಕೋದಿಲ್ಲ. ಕ್ರಿಪ್ಟೋದಲ್ಲಿ ಕಳಿಸಿದರೆ ಕಮಿಷನ್ನೇ ಇಲ್ಲವಂತೆ. ರೂಮಿನವರು ಹೇಳ್ತಿದ್ದಾರೆ.”

ತಾಯಿಗೆ ಅರ್ಥವಾದದ್ದು ಇಷ್ಟೇ: ನಾಲ್ಕು ಕಾಸು ಉಳಿಯುತ್ತದೆ. ಮನೆ ಬಾಡಿಗೆ, ಮಗಳ ಕಾಲೇಜು ಫೀಸು, ಅತ್ತೆಯ ಔಷಧಿ... ಉಳಿದರೆ ಯಾರಿಗೆ ಬೇಡ? ಆದರೆ ನಿಜವಾಗಿಯೂ ಉಳಿಯುತ್ತದೆಯೇ?

ಕ್ರಿಪ್ಟೋ ಎಷ್ಟು ಅಗ್ಗ?

ಬಿಟ್‌ಕಾಯಿನ್‌ನಂತಹ ನಾಣ್ಯ ಕಳುಹಿಸಲು ಜಾಲದ ಶುಲ್ಕವಿದೆ. ಅದು ಹಣದ ಮೊತ್ತವನ್ನು ನೋಡುವುದಿಲ್ಲ, ಜಾಲದಲ್ಲಿರುವ ದಟ್ಟಣೆಯನ್ನು ನೋಡುತ್ತದೆ. ಸಾವಿರ ಕಳುಹಿಸಿದರೂ ಲಕ್ಷ ಕಳುಹಿಸಿದರೂ ಶುಲ್ಕ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಬಳಸುವವರು ದಟ್ಟಣೆ ಇಲ್ಲದ ವೇಳೆ ನೋಡಿ, ಹಲವು ಕಂತುಗಳ ಬದಲು ಒಂದೇ ಸಲ, ಅಗ್ಗದ ಜಾಲದಲ್ಲಿ ಕಳುಹಿಸುತ್ತಾರೆ. ಆದರೆ ಕಳುಹಿಸುವವರ ಜಾಲ ಒಂದು, ಪಡೆಯುವವರ ಜಾಲ ಇನ್ನೊಂದಾದರೆ ಹಣ ಕೈತಪ್ಪಿ ಹೋಗಬಹುದು.

ಇದು ದಾರಿಯ ನಡುವಿನ ಖರ್ಚು ಮಾತ್ರ. ಅಲ್ಲಿ ದಿರ್ಹಮ್ ಕೊಟ್ಟು ನಾಣ್ಯ ಕೊಳ್ಳುವಾಗ ಒಂದು ಕಡಿತ, ಇಲ್ಲಿ ಮಾರಿ ರೂಪಾಯಿ ಪಡೆಯುವಾಗ ಇನ್ನೊಂದು. 2022ರ ಜುಲೈ 1ರಿಂದ ಇಂತಹ ಮಾರಾಟದ ಮೊತ್ತದಲ್ಲಿ ಸಾಮಾನ್ಯವಾಗಿ ಶೇ. 1ರಷ್ಟು ಟಿಡಿಎಸ್ ಕಡಿತವಾಗುತ್ತದೆ. 50,000 ರೂಪಾಯಿಗೆ 500 ರೂಪಾಯಿ! ರಿಟರ್ನ್ ಸಲ್ಲಿಸಿದರೆ ಲೆಕ್ಕಕ್ಕೆ ಬರುತ್ತದೆ ನಿಜ. ನಮ್ಮ ಎಷ್ಟು ಗೃಹಿಣಿಯರು ರಿಟರ್ನ್ ಸಲ್ಲಿಸುತ್ತಾರೆ? ಲಾಭ ಬಂದರೆ ಶೇ. 30 ತೆರಿಗೆ ಬೇರೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅಪರಿಚಿತನಿಗೆ ನಾಣ್ಯ ಮಾರಿದಾಗ ಅವನು ಹಾಕಿದ ಹಣ ವಂಚನೆಯದ್ದಾಗಿದ್ದರೆ, ಪೊಲೀಸರ ಸೂಚನೆಯಂತೆ ನಿಮ್ಮ ಖಾತೆಯೇ ಸ್ಥಗಿತಗೊಳ್ಳಬಹುದು. ಶುಲ್ಕ ಉಳಿಸಲು ಹೋಗಿ ಇಡೀ ತಿಂಗಳ ಖರ್ಚಿಗೇ ಕುತ್ತು!

ಹುಂಡಿಯ ದಾರಿಯೂ ಬೇಡ. ಫಿಕ್‌ಹ್‌ನಲ್ಲಿ ‘ಹವಾಲ’ ಎಂದರೆ ಸಾಲದ ಹೊಣೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವ ಒಪ್ಪಂದ. ಇಂದು ಆ ಹೆಸರಿನಲ್ಲಿ ನಡೆಯುವ ಗುಪ್ತ ವ್ಯವಹಾರವು 1999ರ ವಿದೇಶಿ ವಿನಿಮಯ ಕಾಯ್ದೆಗೆ ವಿರುದ್ಧ.

ಹಾಗಾದರೆ ಉಳಿಸುವುದು ಹೇಗೆ?

1. ಶುಲ್ಕ ಮಾತ್ರವಲ್ಲ, ದರವನ್ನೂ ಕೇಳಿ. ‘ಶುಲ್ಕವಿಲ್ಲ’ ಎನ್ನುವವರು ದರದಲ್ಲಿ ಹಿಡಿಯಬಹುದು. ದಿರ್ಹಮ್‌ಗೆ 20 ಪೈಸೆ ಕಡಿಮೆಯಾದರೂ 2,000 ದಿರ್ಹಮ್‌ಗೆ 400 ರೂಪಾಯಿ ಹೋಯಿತು.

2. ಪದೇ ಪದೇ ಕಳುಹಿಸಬೇಡಿ. ಶುಲ್ಕ 20 ದಿರ್ಹಮ್ ಎಂದುಕೊಳ್ಳೋಣ. ತಿಂಗಳಿಗೆ ಮೂರು ಬಾರಿ ಕಳುಹಿಸಿದರೆ 60, ಒಮ್ಮೆ ಕಳುಹಿಸಿದರೆ 20.

3. ಪರವಾನಗಿ ಇರುವ ಎರಡು ಮೂರು ಸಂಸ್ಥೆಗಳ ದರವನ್ನು ಒಂದೇ ದಿನ ಹೋಲಿಸಿ. ಅವುಗಳ ಮೊಬೈಲ್ ಆ್ಯಪ್ ದರವನ್ನೂ ನೋಡಿ.

4. ಸಿಂಗಾಪುರದಲ್ಲಿರುವವರಿಗೆ 2023ರ ಫೆಬ್ರವರಿ 21ರಂದು ಆರಂಭವಾದ ಯುಪಿಐ–ಪೇನೌ ಜೋಡಣೆಯ ಸೌಲಭ್ಯವಿದೆ.

5. ಒಟಿಪಿ, ಪಿನ್ ಯಾರಿಗೂ ಹೇಳಬೇಡಿ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕ್ರಿಪ್ಟೋ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಅರಿಯದ ವ್ಯವಹಾರಕ್ಕೆ ಕೈಹಾಕುವುದು ಜಾಣತನವಲ್ಲ ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಲಾರದು. 2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಎಷ್ಟೋ ಸಹೋದರಿಯರು ಒಡವೆ ಮಾರಿದ ಹಣವನ್ನೂ ಕಳೆದುಕೊಂಡರು. ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಪವಿತ್ರ ಕುರ್‌ಆನ್‌ನ ಅಲ್ ಬಕರ ಅಧ್ಯಾಯದ 282ನೇ ಸೂಕ್ತ ಕಲಿಸುತ್ತದೆ. ಮನೆಗೆ ಬರುವ ಹಣಕ್ಕೂ ಆ ಶಿಸ್ತು ಇರಲಿ. ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಕಳುಹಿಸಿದ ದಿರ್ಹಮ್, ಕೈಗೆ ಬಂದ ರೂಪಾಯಿ ಬರೆದಿಡಿ. ಮೂರು ತಿಂಗಳಲ್ಲಿ ಯಾವ ದಾರಿ ಅಗ್ಗವೆಂದು ನಿಮಗೇ ತಿಳಿಯುತ್ತದೆ.

ಮುಂದಿನ ಸಲ ಮಗ ಫೋನ್ ಮಾಡಿದಾಗ ಆ ತಾಯಿ ಕೇಳಬೇಕಾದದ್ದು ಒಂದೇ ಪ್ರಶ್ನೆ: “ಬೇಟಾ, ಕಮಿಷನ್ ಎಷ್ಟು ಅನ್ನೋದು ಇರಲಿ. ನಿನ್ನ ಕೈಯಿಂದ ಎಷ್ಟು ಹೊರಟಿತು, ನನ್ನ ಕೈಗೆ ಎಷ್ಟು ಬಂತು?”