ನಿಧಾನವಾದರೂ ಪ್ರಧಾನವೇ?



ನಿಮ್ಮಲ್ಲಿ ಹಲವರು ಕಂಪ್ಯೂಟರನ್ನೇ ಅನ್ನದ ದಾರಿ ಮಾಡಿಕೊಂಡವರು. ಹೊಸ ತಂತ್ರಾಂಶವೊಂದನ್ನು ಹಾಕಿಕೊಂಡೊಡನೆ ನಿನ್ನೆಯವರೆಗೆ ಸರಿಯಾಗಿದ್ದ ಇನ್ನೊಂದು ಕೆಟ್ಟು ಕೂತ ಅನುಭವ ನಿಮಗೆ ಹೊಸದೇನಲ್ಲ. ಈ ತಾಪತ್ರಯಕ್ಕೆ ಪರಿಹಾರವಾಗಿ ಬಂದವು ‘ಫಂಕ್ಷನಲ್ ಪ್ಯಾಕೇಜ್ ಮ್ಯಾನೇಜರ್’ಗಳು. ಇಲ್ಲಿ ಫಂಕ್ಷನ್ ಎಂದರೆ ಮದುವೆ ಮುಂಜಿಯಲ್ಲ, ಗಣಿತದ ಫಂಕ್ಷನ್! ಅದೇ ಸಾಮಗ್ರಿ, ಅದೇ ವಿಧಾನವಾದರೆ ಫಲವೂ ಅದೇ ಆಗಬೇಕೆಂಬುದು ಇದರ ತತ್ವ.

ಹಾಲೆಂಡಿನ ಈಲ್ಕೋ ದೋಲ್ಸ್ತ್ರಾ 2003ರಲ್ಲಿ ಆರಂಭಿಸಿದ ‘ನಿಕ್ಸ್’ ಇವುಗಳಲ್ಲಿ ಹಿರಿಯದು. ಅದರ ಜಾಡಿನಲ್ಲೇ 2012ರಲ್ಲಿ ಗ್ನೂ ಬಳಗದ ‘ಗೀಕ್ಸ್’ ಬಂದಿತು.

ಅಡುಗೆಮನೆಯ ಮಾತಿನಲ್ಲೇ ಹೇಳುತ್ತೇನೆ. ಸಾರಿನ ಪುಡಿಗೆ ಬ್ಯಾಡಗಿಯ ಬದಲು ಗುಂಟೂರು ಮೆಣಸಿನಕಾಯಿ ಹಾಕಿದಿರೆನ್ನಿ. ಅದನ್ನು ಹಳೆಯ ಡಬ್ಬಿಗೇ ಸುರಿಯದೆ, ಬೇರೆ ಡಬ್ಬಿಗೆ ತುಂಬಿ ಬೇರೆ ಚೀಟಿ ಅಂಟಿಸಿದರೆ ಎರಡೂ ಉಳಿಯುತ್ತವೆ. ಹೊಸದು ಹಿಡಿಸದಿದ್ದರೆ ಹಳೆಯ ಡಬ್ಬಿ ತೆಗೆದರಾಯಿತು. ನಿಕ್ಸ್ ಮಾಡುವುದೂ ಇದನ್ನೇ. ಹಿಂದಿನ ಸ್ಥಿತಿಗೆ ಮರಳಲು ಒಂದೇ ಆಜ್ಞೆ, ಕೆಲವೇ ಕ್ಷಣ.

ಇಷ್ಟು ಒಳ್ಳೆಯದಾದರೆ ಎಲ್ಲರೂ ಏಕೆ ಬಳಸುತ್ತಿಲ್ಲ? ಒಂದು ಮುಖ್ಯ ಕಾರಣ, ದಿನನಿತ್ಯದ ಕಾಯುವಿಕೆ. ಡೆಬಿಯನ್ನಿನ ‘ಆಪ್ಟ್’ ಮೊದಲೇ ಸಿದ್ಧವಾದ ಪಟ್ಟಿ ನೋಡಿ ಉತ್ತರ ಕೊಡುತ್ತದೆ. ನಿಕ್ಸ್‌ನಲ್ಲಿ ಪ್ರತಿ ಪ್ಯಾಕೇಜಿನ ಪಾಕವಿಧಾನವೂ ಒಂದು ಪ್ರೋಗ್ರಾಮ್. ಅದನ್ನು ಓಡಿಸಿಯೇ ಉತ್ತರ ಪಡೆಯಬೇಕು. ತನ್ನನ್ನೇ ಹೊಸದಾಗಿ ಕಟ್ಟಿಕೊಳ್ಳುವ ‘ಗೀಕ್ಸ್ ಪುಲ್’ ಆಜ್ಞೆ ನಿಮಿಷಗಟ್ಟಲೆ ಹಿಡಿಯುವುದುಂಟು.

ಇನ್ನೊಂದು ತೊಡಕಿದೆ. ಎಲ್ಲಕ್ಕೂ ಆಧಾರವಾದ ಲೈಬ್ರರಿಯೊಂದು ತುಸು ಬದಲಾದರೂ, ಅದನ್ನು ನೆಚ್ಚಿಕೊಂಡ ಸಮಸ್ತ ಡಬ್ಬಿಗಳ ಚೀಟಿಯೂ ಬದಲಾಗುತ್ತದೆ. ಸಣ್ಣ ರಿಪೇರಿಗೆ ರಾಶಿ ಡೌನ್‌ಲೋಡು! ಭದ್ರತೆಯ ತುರ್ತು ರಿಪೇರಿಗಳಿಗೆಂದು ಗೀಕ್ಸ್ ‘ಗ್ರಾಫ್ಟ್’ ಎಂಬ ಕಸಿಯ ಉಪಾಯ ಹೂಡಿದೆ. ಸಿದ್ಧ ಸರಕು ಸರ್ವರಿನಲ್ಲಿ ಇಲ್ಲದಿದ್ದರಂತೂ ನಿಮ್ಮ ಯಂತ್ರವೇ ಎಲ್ಲವನ್ನೂ ರುಬ್ಬಬೇಕು. ಬ್ರೌಸರಿನಂಥ ದೊಡ್ಡದಕ್ಕೆ ಗಂಟೆಗಳೇ ಬೇಕು.

ಹಾಗೆಂದು ದೂರ ಸರಿಯಬೇಡಿ. ಕೆಲವು ಅಭ್ಯಾಸ ಮಾಡಿಕೊಳ್ಳಿ. ಏನನ್ನು ತರಬೇಕು, ಏನನ್ನು ಕಟ್ಟಬೇಕು ಎಂದು ‘ಡ್ರೈ ರನ್’ ಮೂಲಕ ಮೊದಲೇ ಕೇಳಿ ನೋಡಿ. ಸಿದ್ಧ ಸರಕು ಎಷ್ಟಿದೆಯೆಂದು ‘ಗೀಕ್ಸ್ ವೆದರ್’ ತಿಳಿಸುತ್ತದೆ. ನಿಕ್ಸ್‌ನಲ್ಲಿ ಇಡೀ ಸಂಗ್ರಹವನ್ನು ಜಾಲಾಡಿಸದೆ, ಬೇಕಾದ ಪ್ಯಾಕೇಜನ್ನು ಅದರ ನಿಖರ ವಿಳಾಸದಿಂದಲೇ ಕೇಳಿ. ಡಿಸ್ಕ್ ತುಂಬಿದಾಗ ಹಳೆಯ ಡಬ್ಬಿಗಳನ್ನು ಗುಡಿಸಿ ಹಾಕಬಹುದು. ಆದರೆ ಗುಡಿಸಿದ ಮೇಲೆ ಆ ಸ್ಥಿತಿಗೆ ಥಟ್ಟನೆ ಮರಳುವ ದಾರಿ ಮುಚ್ಚಿತೆಂಬುದು ನೆನಪಿರಲಿ.

ವೇಗದಲ್ಲಿ ಎರಡು ಬಗೆ: ಹೋಗುವ ವೇಗ, ಮರಳುವ ವೇಗ. ಆಪ್ಟ್ ಮೊದಲನೆಯದರಲ್ಲಿ ಮುಂದು, ನಿಕ್ಸ್ ಎರಡನೆಯದರಲ್ಲಿ. ನಾಳೆ ಬೆಳಿಗ್ಗೆ ಕೆಲಸ ಒಪ್ಪಿಸಬೇಕಾಗಿರುವಾಗ ಇಂದು ರಾತ್ರಿ ಯಂತ್ರ ಕೆಟ್ಟರೆ, ಯಾವ ವೇಗ ನಿಮ್ಮನ್ನು ಕಾಪಾಡೀತು? ಆದರೆ ‘ನಿಧಾನವೇ ಪ್ರಧಾನ’ ಎಂಬ ಗಾದೆ ಹೇಳಿ ದಿನಕ್ಕೆ ಹತ್ತು ಸಲ ಕಾಯಿಸುವ ಉಪಕರಣ ಎಷ್ಟೇ ಶ್ರೇಷ್ಠವಾದರೂ ಮೂಲೆ ಸೇರುತ್ತದೆ.

ನಿಕ್ಸ್, ಗೀಕ್ಸ್ ಎರಡನ್ನೂ ನಿಮ್ಮ ಈಗಿನ ಲಿನಕ್ಸ್ ತೆಗೆಯದೆಯೇ ಅದರ ಮೇಲೆ ಹಾಕಿಕೊಳ್ಳಬಹುದು. ಒಂದು ತಿಂಗಳು ಬಳಸಿ ನೋಡಿ. ಕಾದ ನಿಮಿಷಗಳನ್ನೂ ಉಳಿದ ದಿನಗಳನ್ನೂ ಲೆಕ್ಕ ಹಾಕಿ, ಆಮೇಲೆ ನೀವೇ ತೀರ್ಮಾನಿಸಿ.