ಜೇಡಿಮಣ್ಣಿನ ಹಾಳೆಯ ಮೇಲೆ ಬೆಳಕಿನ ವ್ಯಾಪಾರ

ಬೆಳಕನ್ನು ಹೀರುವುದು ಬೇರೆ, ಹೀರಿದ ಬೆಳಕನ್ನು ಕಾರ್ಯಕ್ಕೆ ತೊಡಗಿಸುವುದು ಬೇರೆ. ಬೆಳಕನ್ನು ಹೀರಿದ ಅಣುವು ಉತ್ತೇಜಿತಾವಸ್ಥೆಗೆ ಏರುತ್ತದೆ. ಆದರೆ ಅನೇಕ ವರ್ಣದ್ರವ್ಯಗಳಲ್ಲಿ ಈ ಅವಸ್ಥೆಯ ಆಯುಷ್ಯ ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳು. ಅಷ್ಟರೊಳಗೆ ಶಕ್ತಿಯು ನೆರೆಯ ಅಣುವಿಗೆ ದಾಟದಿದ್ದರೆ ಶಾಖವಾಗಿಯೋ ಮಂದ ಪ್ರಕಾಶವಾಗಿಯೋ ವ್ಯರ್ಥವಾಗುವುದು. ಅಣುಗಳು ದೂರವಿದ್ದರೆ ಶಕ್ತಿ ದಾಟದು. ಒಂದಕ್ಕೊಂದು ಅಂಟಿ ಗುಂಪಾದರೆ ಬಹುಪಾಲು ಶಾಖವಾಗಿ ಸೋರಿಹೋಗುವುದು. ಹಸುರೆಲೆಯಲ್ಲಿ ಪ್ರೋಟೀನುಗಳು ಪತ್ರಹರಿತ್ತಿನ ಅಣುಗಳನ್ನು ತಕ್ಕ ಅಂತರದಲ್ಲಿ ಹಿಡಿದಿರಿಸಿ ಈ ಇಕ್ಕಟ್ಟನ್ನು ನಿವಾರಿಸಿವೆ. ಪ್ರಯೋಗಶಾಲೆಯಲ್ಲಿ ಆ ಕೆಲಸವನ್ನು ಯಾವುದರಿಂದ ಮಾಡಿಸಬೇಕು? ರಸಾಯನಶಾಸ್ತ್ರಜ್ಞರು ಕಂಡುಕೊಂಡ ಉತ್ತರಗಳಲ್ಲೊಂದು ಜೇಡಿಮಣ್ಣು.

ಕಣ್ಣಿಗೆ ಬರಿಯ ಕೆಸರಾಗಿ ತೋರುವ ಈ ಮಣ್ಣು ವಾಸ್ತವವಾಗಿ ಅತಿ ತೆಳುವಾದ ಹಾಳೆಗಳ ಕಟ್ಟು. ಫ್ರಾನ್ಸಿನ ಒಂದು ಊರಿನಿಂದ 1847ರಲ್ಲಿ ಹೆಸರು ಪಡೆದ ಮಾಂಟ್‌ಮೊರಿಲೊನೈಟಿನಲ್ಲಿ ಒಂದೊಂದು ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಹಾಳೆಗಳನ್ನೆಲ್ಲ ಬಿಡಿಸಿದರೆ ಒಂದು ಗ್ರಾಮಿನ ಮೇಲ್ಮೈ ಸುಮಾರು 750 ಚದರ ಮೀಟರಾದೀತು. ಹಾಳೆಯೊಳಗೆ ಅಲ್ಯೂಮಿನಿಯಮ್ ಇರಬೇಕಾದ ಕೆಲವು ಸ್ಥಾನಗಳಲ್ಲಿ ಮೆಗ್ನೀಸಿಯಮ್ ಸೇರಿರುವುದರಿಂದ ಹಾಳೆಗೆ ಋಣ ವಿದ್ಯುದಂಶ ಬಂದಿದೆ. ಅದನ್ನು ಸರಿದೂಗಿಸಲು ಸೋಡಿಯಮ್, ಕ್ಯಾಲ್ಸಿಯಮ್ ಅಯಾನುಗಳು ಹಾಳೆಗಳ ನಡುವೆ ನೆಲೆಸಿರುತ್ತವೆ. ಧನ ವಿದ್ಯುದಂಶವುಳ್ಳ ವರ್ಣದ್ರವ್ಯವು ಬಂದಾಗ ಅವು ಸ್ಥಳ ಬಿಟ್ಟುಕೊಡುತ್ತವೆ.

ಆದರೆ ಅಂಟಿಕೊಂಡ ಮಾತ್ರಕ್ಕೆ ವ್ಯವಸ್ಥೆ ಏರ್ಪಡದು. ಮಿಥಿಲೀನ್ ಬ್ಲೂ ಎಂಬ ನೀಲಿಯು ಜೇಡಿಯ ಮೇಲೆ ಗುಂಪುಗೂಡಿ ನೇರಳೆಗೆ ತಿರುಗುತ್ತದೆ. ಆ ಬಣ್ಣವೇ ದಟ್ಟಣೆಯ ಸಾಕ್ಷಿ. ಟೋಕಿಯೋ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ಶಿನ್‌ಸುಕೆ ತಕಾಗಿ, ಹಾರುವೊ ಇನೊವೆ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೊಂದು ಪರಿಹಾರ ತೋರಿತು. ಅವರು ಪತ್ರಹರಿತ್ತಿನ ಬಂಧುವಾದ ಪೋರ್ಫಿರಿನ್‌ಗಳಲ್ಲಿ ನಾಲ್ಕು ಧನ ವಿದ್ಯುದಂಶಗಳುಳ್ಳವನ್ನು ಆರಿಸಿಕೊಂಡರು. ಕೃತಕವಾಗಿ ತಯಾರಿಸಿದ ಜೇಡಿಯಲ್ಲಿ ಋಣಾಂಶಗಳ ಸರಾಸರಿ ಅಂತರ ಸುಮಾರು 1.2 ನ್ಯಾನೋಮೀಟರ್, ಅಣುವಿನ ಧನಾಂಶಗಳ ಅಂತರವೂ ಅದಕ್ಕೆ ಹತ್ತಿರವಾದಾಗ ಅಣುಗಳು ಒತ್ತೊತ್ತಾಗಿ ನೆಲೆಸಿದರೂ ಗುಂಪುಗೂಡಲಿಲ್ಲ. 2011ರಲ್ಲಿ ಇದೇ ಬಳಗವು ಎರಡು ಬಗೆಯ ಪೋರ್ಫಿರಿನ್‌ಗಳನ್ನು ಒಂದೇ ಹಾಳೆಯ ಮೇಲಿರಿಸಿ, ಒಂದು ಹೀರಿದ ಶಕ್ತಿಯು ಇನ್ನೊಂದಕ್ಕೆ ಶೇಕಡಾ 100ರ ಸಮೀಪದವರೆಗೂ ದಾಟುವುದನ್ನು ತೋರಿಸಿತು. ದಾನಿಯ ಪ್ರತಿದೀಪ್ತಿ ಕುಗ್ಗಿ ಗ್ರಾಹಿಯ ಪ್ರತಿದೀಪ್ತಿ ಹೆಚ್ಚುವುದೇ ಇದರ ಪ್ರಮಾಣ.

ಶಕ್ತಿಯ ವರ್ಗಾವಣೆಯೇ ರಾಸಾಯನಿಕ ಕ್ರಿಯೆಯಲ್ಲ. ದಾಟಿದ ಶಕ್ತಿಯು ತಕ್ಕ ವೇಗವರ್ಧಕವನ್ನು ಸೇರಿ, ನೀರನ್ನೋ ಇಂಗಾಲದ ಡೈಆಕ್ಸೈಡನ್ನೋ ಮಾರ್ಪಡಿಸಿದಾಗಲೇ ಬೆಳಕು ಇಂಧನವಾಗಿ ಸಂಚಯವಾದೀತು. ಆದರೂ ಒಂದು ಮಾತು ಸ್ಥಿರಪಟ್ಟಿದೆ: ಬೆಳಕಿನ ಜಮಾ ಎಷ್ಟೇ ಇರಲಿ, ಅದು ಲಾಭವಾಗುವುದು ಅಣುಗಳ ನಡುವಣ ಅಂತರದಿಂದ, ಆ ಅಂತರವನ್ನು ಕಾಯ್ದುಕೊಡುವ ಗುಣ ಜೇಡಿಯ ಹಾಳೆಗಿದೆ.